ಸೇಸಕ್ಕನ ಹೆಗಲೆತ್ತರದ ಕಲ್ಲು

ರೇಷನ್ ಅಂಗಡಿಯಿಂದ ಅಕ್ಕಿ ತರುವಾಗ ಸೇಸಕ್ಕ ರಿಕ್ಷಾದಲ್ಲಿ ಬರುತ್ತಿದ್ದರು, ಆದರೆ ಮನೆಯವರೆಗೆ ಬರುತ್ತಿರಲಿಲ್ಲ. ಮನೆ ಇನ್ನೂ ಕೂಗಳತೆಯಲ್ಲಿ ಇರುವಾಗಲೇ ನಿಲ್ಲಿಸಲು ಹೇಳಿ ಇಳಿದು, ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆಯ ಸಿಂಬೆಯನ್ನು ನೆತ್ತಿಯ ಮೇಲಿಟ್ಟು, ಅಕ್ಕಿಯ ಚೀಲವನ್ನು ಅದರ ಮೇಲೆ ಏರಿಸಿಕೊಳ್ಳುತ್ತಿದ್ದರು. ಹತ್ತು ಹೆಜ್ಜೆ ನಡೆಯುತ್ತಿದ್ದರು. ದಾರಿಯ ಬದಿಯಲ್ಲಿದ್ದ ಕಲ್ಲಿನ ಮೇಲೆ ಚೀಲ ಇಳಿಸುತ್ತಿದ್ದರು. ಸೆರಗಿನಲ್ಲಿ ಕುತ್ತಿಗೆ ಒರೆಸಿಕೊಂಡು, ಎದುರಿಗೆ ಯಾರೋ ಕೂತಿದ್ದಾರೆ ಎಂಬ ಹಾಗೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಆಮೇಲೆ ಚೀಲವನ್ನು ಪುನಃ ತಲೆಗೆ ಜಾರಿಸಿಕೊಂಡು ಮನೆಯ ಕಡೆಗೆ.

ಅಂಗಳದವರೆಗೆ ರಿಕ್ಷಾ ಹೋಗುತ್ತದೆ. ಮಗ ರಮೇಶನ ಪಿಕಪ್ ಗಾಡಿಯೇ ಹೋಗುತ್ತದೆ. ಹೊಸದಾಗಿ ಬಂದ ರಿಕ್ಷಾದವನೊಬ್ಬ ನನ್ನ ಅಂಗಡಿಗೆ ಪ್ಯಾಂಟಿನ ಅಳತೆ ಕೊಡಲು ಬಂದಾಗ, ಆ ಅಜ್ಜಿಗೆ ಇಲ್ಲೇನಾದರೂ ಸಡಿಲ ಉಂಟಾ ಎಂದು ತನ್ನ ತಲೆ ಮುಟ್ಟಿ ಕೇಳಿದ್ದ. ಸೇಸಕ್ಕ ಆಗ ನನ್ನ ಅಂಗಡಿಯ ಒಳಗೇ ಸ್ಟೂಲಿನಲ್ಲಿ ಕೂತಿದ್ದರು. ಅವರು ನಗದೆ ಹೇಳಿದ್ದು ಇಷ್ಟು: "ತಲೆ ಮೇಲಿನದ್ದು ತಲೆಗೆ ಗೊತ್ತು ಮಾರಾಯ. ನೋಡುವವನ ಕಣ್ಣಿಗೆ ಎಂತ ಭಾರ?"

ಅವರ ಕುತ್ತಿಗೆಯನ್ನು ನೀವು ನೋಡಬೇಕಿತ್ತು. ಎಪ್ಪತ್ತೈದು ದಾಟಿದ ಮೇಲೂ ಬಾಗಿರಲಿಲ್ಲ. ಬರಿ ತಲೆಯಲ್ಲಿ ನಡೆಯುವಾಗಲೂ ಮೇಲೊಂದು ಬುಟ್ಟಿ ಇದೆ ಎಂಬ ಹಾಗೆ ನೇರ. ಬದಿಯಿಂದ ಯಾರಾದರೂ ಕರೆದರೆ ಮುಖ ತಿರುಗಿಸುವ ಕ್ರಮ ಇಲ್ಲ, ಇಡೀ ಮೈಯನ್ನೇ ತಿರುಗಿಸುವುದು. ಕಕ್ಕಿಂಜೆಯ ಪೇಟೆಯಲ್ಲಿ ನಾನು ಹೊಲಿಗೆ ಅಂಗಡಿ ಇಟ್ಟು ಮೂವತ್ತೈದು ವರ್ಷ ಆಯಿತು. ಎಷ್ಟೋ ಸಾವಿರ ಕುತ್ತಿಗೆಗಳಿಗೆ ಟೇಪು ಹಿಡಿದಿದ್ದೇನೆ, ಹಾಗಿರುವ ಕುತ್ತಿಗೆ ಇನ್ನೊಂದನ್ನು ಕಂಡಿಲ್ಲ. ಬೀಡಿ ಕಟ್ಟುವುದು ಅವರ ಕೆಲಸ. ಬೀಡಿಯ ಬುಟ್ಟಿಯನ್ನೂ ಡಿಪೋಕ್ಕೆ ಒಯ್ಯುವ ದಾರಿಯಲ್ಲಿ ಅದೇ ಕಲ್ಲಿನ ಮೇಲೆ ಇಳಿಸಿಯೇ ಒಯ್ಯುವುದು. ಬುಟ್ಟಿಗೆ ಭಾರವೇ ಇಲ್ಲವಲ್ಲ ಎಂದರೆ, ಅವರ ಉತ್ತರ ತಯಾರಿತ್ತು: ಭಾರ ನೋಡಿ ಇಳಿಸಿದರೆ ಅದು ಆಯಾಸ, ನೋಡದೆ ಇಳಿಸಿದರೆ ಅದು ಮರ್ಯಾದೆ.

ಕಲ್ಲು ಎಂದರೆ ಒಂದು ಕಲ್ಲಲ್ಲ. ನೆಟ್ಟಗೆ ನಿಲ್ಲಿಸಿದ ಎರಡು, ಅವುಗಳ ಮೇಲೆ ಅಡ್ಡ ಮಲಗಿಸಿದ ಒಂದು ಹಲಗೆಗಲ್ಲು. ಎತ್ತರ ನನ್ನ ಹೆಗಲಿಗೆ ಬರುತ್ತದೆ. ಹೆದ್ದಾರಿಯಿಂದ ನಮ್ಮ ಮನೆಗಳ ಕಡೆ ಒಳಗೆ ಹೋಗುವ ದಾರಿಯ ಬದಿಯಲ್ಲಿ, ಒಂದು ಹಲಸಿನ ಮರದ ಕೆಳಗೆ ಇದೆ.

ನಾನು, ಹಮೀದ್ ಇಬ್ಬರೂ ಒಂದೇ ಕ್ಲಾಸು. ಶಾಲೆಯಿಂದ ಬರುವಾಗ ಆ ಹಲಗೆಗೆ ಹತ್ತಿ ಕೂತು ಕಾಲು ಆಡಿಸುವುದು ನಮ್ಮ ದಿನಚರಿ. ಒಂದು ಸಲ ಸೇಸಕ್ಕ ಅಂಗಳ ಗುಡಿಸುವ ಹಿಡಿಸೂಡಿ ಹಿಡಿದುಕೊಂಡು ಬಂದರು. ಹೊಡೆಯಲಿಲ್ಲ. ಹತ್ತಿರ ನಿಂತು ಮೆಲ್ಲ ಕೇಳಿದರು. "ಅದೆಂತ ಕಲ್ಲು ಗೊತ್ತುಂಟಾ ಮಕ್ಕಳೇ? ರಾಜರ ಕಾಲದಲ್ಲಿ ಕಳ್ಳರನ್ನು ನೇಣು ಹಾಕ್ತಿದ್ದ ಕಲ್ಲು. ಮೇಲೆ ಕೂತವರ ಕುತ್ತಿಗೆ ಬಿಗೀತದೆ." ನಾವು ಇಳಿದು ಓಡಿದೆವು. ಮರುದಿನ ಹಮೀದನಿಗೆ ಗಂಟಲು ಬಾತು ಜ್ವರ ಬಂತು. ಅವನ ಉಮ್ಮ ಅದಕ್ಕೆ ಐಸ್‌ಕ್ಯಾಂಡಿ ಕಾರಣ ಎಂದರು, ನಮಗೆ ಗೊತ್ತಿತ್ತು ನಿಜವಾದ ಕಾರಣ. ಆಮೇಲೆ ನಾವು ಹತ್ತಲಿಲ್ಲ. ನಮ್ಮ ನಂತರದ ಮಕ್ಕಳೂ ಹತ್ತಲಿಲ್ಲ. ಎಲ್ಲರಿಗೂ ಸೇಸಕ್ಕ ಅದನ್ನೇ ಹೇಳಿದ್ದರು.

ನಿಜ ನನಗೆ ತಿಳಿದದ್ದು ಅಂಗಡಿ ಇಡುವ ವರ್ಷ. ಹೊಲಿಗೆ ಮಿಷನ್ನಿನ ತಲೆಯನ್ನು ಕಳಚಿ, ಗೋಣಿಯಲ್ಲಿ ಸುತ್ತಿ, ತಲೆಯ ಮೇಲೆ ಹೊತ್ತುಕೊಂಡು ಪೇಟೆಗೆ ಹೊರಟಿದ್ದೆ. ಕಬ್ಬಿಣ. ಅರ್ಧ ದಾರಿಗೆ ಬರುವಾಗ ಕುತ್ತಿಗೆ ಹೊರಳಿಹೋಗುವ ಹಾಗಾಯಿತು. ಸೇಸಕ್ಕ ಎದುರಿಗೆ ಬಂದವರು, ಅಲ್ಲಿ ಇಳಿಸು ಎಂದು ಕಲ್ಲು ತೋರಿಸಿದರು. ನಾನು ಹಿಂಜರಿದೆ. ನೇಣುಗಲ್ಲಲ್ವಾ ಎಂದೆ. ಮದುವೆ ಪ್ರಾಯಕ್ಕೆ ಬಂದವನ ಬಾಯಲ್ಲಿ ಆ ಮಾತು ಕೇಳಿ ಅವರು ನಗಲು ಶುರುಮಾಡಿದರು, ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಆಮೇಲೆ ಹೇಳಿದರು.

ಅವರಿಗೆ ಆರು ವರ್ಷ ಇರುವಾಗ ಅವರ ಅಮ್ಮ ತೀರಿಕೊಂಡರಂತೆ. ಹೆಸರು ಅಕ್ಕು. ಬಂಟ್ವಾಳ ಪೇಟೆಯಿಂದ ಗಾಡಿಯಲ್ಲಿ ಬಂದ ಉಪ್ಪನ್ನು ಘಟ್ಟದ ಬುಡದ ಮನೆಗಳಿಗೆ ತಲೆಹೊರೆಯಲ್ಲಿ ಮುಟ್ಟಿಸುವ ಕೆಲಸ ಅವರದ್ದು. ಎಂಟು ತಿಂಗಳ ಬಸುರಿ. ನೋವು ಬಂತು, ಮಗು ಬರಲಿಲ್ಲ. ಮಗು ಹೊಟ್ಟೆಯಲ್ಲಿರುವಾಗಲೇ ಹೋದ ಹೆಂಗಸು ಆ ಭಾರವನ್ನು ಇಳಿಸಲಿಕ್ಕಾಗದೆ ದಾರಿಯಲ್ಲೇ ತಿರುಗುತ್ತಾಳೆ ಎಂಬುದು ಹಿರಿಯರ ನಂಬಿಕೆ. ಅದಕ್ಕೆ ಮನೆಯವರು ಹೊರೆಗಲ್ಲು ನಿಲ್ಲಿಸಬೇಕು. ದಾರಿಹೋಕರು ತಮ್ಮ ತಲೆಹೊರೆಯನ್ನು ಅದರ ಮೇಲೆ ಇಳಿಸಿ ಸುಧಾರಿಸಿಕೊಂಡು ಹೋಗಬೇಕು. ಯಾರೋ ಒಬ್ಬರು ಇಳಿಸಿದ ಹಾಗೆ ಅವಳದ್ದೂ ಅಷ್ಟು ಇಳಿಯುತ್ತದೆ. ಸೇಸಕ್ಕನ ಅಪ್ಪ ಮೂರು ಕಲ್ಲು ಕಡಿಸಿ ತಂದು, ಹೆಂಡತಿಯ ಹೆಗಲು ಎಲ್ಲಿಗೆ ಬರುತ್ತಿತ್ತೋ ಅಷ್ಟೇ ಎತ್ತರಕ್ಕೆ ಹಲಗೆ ಕೂರಿಸಿದರು. ಯಾರ ಸಹಾಯವೂ ಇಲ್ಲದೆ ತಲೆಯಿಂದ ಕಲ್ಲಿಗೆ, ಕಲ್ಲಿನಿಂದ ತಲೆಗೆ ಹೊರೆ ಜಾರಿಸಬೇಕಾದರೆ ಅದೇ ಎತ್ತರ ಬೇಕು.

"ಎಷ್ಟು ಹೊರೆ ಇಳಿದರೆ ಅಮ್ಮನದ್ದು ಪೂರ್ತಿ ಇಳೀತದೆ ಅಂತ ಕೇಳಿದೆ," ಎಂದರು ಸೇಸಕ್ಕ. "ಅಪ್ಪ ಹೇಳಲಿಲ್ಲ. ಹಾಗಾಗಿ ನಾನು ನಿಲ್ಲಿಸಲಿಲ್ಲ."

ಈಗ ತಲೆಹೊರೆ ಹೊರುವವರು ಯಾರು? ಎಲ್ಲರದ್ದೂ ಗಾಡಿ. ಆ ಕಲ್ಲಿಗೆ ಉಳಿದ ಗಿರಾಕಿ ಸೇಸಕ್ಕ ಒಬ್ಬರೇ. ಮಕ್ಕಳು ಅಮ್ಮನ ಹೆಗಲ ಮೇಲೆ ಕುಂಡೆ ಊರಿ ಕೂರುವುದು ಅವರಿಗೆ ಕಾಣಲಿಕ್ಕಾಗುತ್ತಿರಲಿಲ್ಲ. ಬಸುರಿ, ಸಾವು ಎಂದೆಲ್ಲ ಮಕ್ಕಳಿಗೆ ಹೇಳುವುದು ಹೇಗೆ? ಅದಕ್ಕೆ ಕಳ್ಳರು, ರಾಜರು. ಯಾರಿಗೂ ಹೇಳಬೇಡ, ಗೊತ್ತಾದರೆ ಪುನಃ ಹತ್ತುತ್ತಾರೆ ಎಂದು ನನ್ನಿಂದ ಮಾತು ತೆಗೆದುಕೊಂಡರು. ನಾನು ಮಿಷನ್ನು ಇಳಿಸಿದೆ, ಮಾತು ಕೊಟ್ಟೆ, ಮಾತು ಉಳಿಸಿಕೊಂಡೆ. ನನ್ನ ಬದಿಯಲ್ಲೇ ಚಾ ಹೋಟೆಲು ಇಟ್ಟ ಹಮೀದನಿಗೂ ಹೇಳಲಿಲ್ಲ. ಉಳಿಸಿಕೊಳ್ಳಬಾರದಿತ್ತು ಎಂದು ಈಗ ಅನಿಸುತ್ತದೆ.

ಮೂರು ವರ್ಷದ ಹಿಂದೆ, ಮಳೆ ಬಿಟ್ಟ ಮೇಲೆ, ಒಂದು ಮಧ್ಯಾಹ್ನ ಹಮೀದ್ ಮೊಬೈಲು ಹಿಡಿದುಕೊಂಡು ಅಂಗಡಿಗೆ ಬಂದ. ಮುಖದಲ್ಲಿ ಮದುವೆ ಕಳೆ. ಸೇಸಕ್ಕ ಸ್ಟೂಲಿನಲ್ಲಿದ್ದರು.

"ಸೇಸಕ್ಕ, ನೋಡಿ, ವಿಡಿಯೋದಲ್ಲಿ ನಾನು ಬಂದಿದ್ದೇನೆ. ಎರಡು ಲಕ್ಷ ಜನ ನೋಡಿ ಆಯ್ತು."

ಮೂಡುಬಿದಿರೆ ಕಡೆಯ ಒಬ್ಬ ಯುವಕ, ಸುಜಿತ್ ಎಂದು ಹೆಸರು, ಊರೂರು ತಿರುಗಿ ಇತಿಹಾಸದ ವಿಡಿಯೋ ಮಾಡುವವನು, ಹಮೀದನ ಹೋಟೆಲಿನಲ್ಲಿ ಚಾ ಕುಡಿಯುವಾಗ ಇಲ್ಲಿ ಹಳೆಯ ಕಲ್ಲು ಗಿಲ್ಲು ಉಂಟಾ ಎಂದು ಕೇಳಿದ್ದನಂತೆ. ಹಮೀದ್ ಕರೆದುಕೊಂಡು ಹೋಗಿ ತೋರಿಸಿದ್ದ. ವಿಡಿಯೋದಲ್ಲಿ ಮೊದಲು ಆಕಾಶದಿಂದ ನಮ್ಮ ಘಟ್ಟ ಕಂಡಿತು. ಆಮೇಲೆ ನಗಾರಿಯ ಸದ್ದು. ಆಮೇಲೆ ಕಲ್ಲು. ಘಟ್ಟ ಇಳಿದು ಬರುವ ಕಳ್ಳರನ್ನು ಒಬ್ಬ ರಾಜ ಇಲ್ಲಿ ಸಾಲಾಗಿ ನೇಣಿಗೇರಿಸುತ್ತಿದ್ದ, ಹೆಣಗಳನ್ನು ಇಳಿಸದೆ ಹದ್ದುಗಳಿಗೆ ಬಿಡುತ್ತಿದ್ದ ಎಂದು ಆ ಹುಡುಗನ ಗಟ್ಟಿ ಸ್ವರ. ಯಾವ ರಾಜ ಎಂದು ಹೇಳಲಿಲ್ಲ. ಕೊನೆಗೆ ಹಮೀದ್ ಬಂದ, ಹೊಸ ಅಂಗಿಯಲ್ಲಿ, ನಾನೇ ಹೊಲಿದದ್ದು: "ನಮ್ಮ ಊರಿನ ಹಿರಿಯರು ಹೇಳ್ತಿದ್ದರು, ಇದು ನೇಣುಗಲ್ಲು ಅಂತ."

ಸೇಸಕ್ಕ ಇಡೀ ಮೈ ತಿರುಗಿಸಿ ಅವನನ್ನು ನೋಡಿದರು. "ಯಾವ ಹಿರಿಯರು ಹೇಳಿದ್ದು ಹಮೀದಾ?"

"ನೀವೇ ಅಲ್ವಾ ಸೇಸಕ್ಕ," ಎಂದ ಅವನು, ಇನ್ನೂ ನಗುತ್ತಲೇ.

ನಾನು ಮಿಷನ್ನು ನಿಲ್ಲಿಸಿದೆ. ಅವರು ಎದ್ದು, ಬೀಡಿಯ ಬುಟ್ಟಿಯನ್ನು ತಲೆಗಿಟ್ಟು ಹೋದರು. ಅವರು ಹೋದ ಮೇಲೆ ನಾನು ಹಮೀದನಿಗೆ ಎಲ್ಲ ಹೇಳಿದೆ. ಅವನು ಅಲ್ಲೇ ನನ್ನ ಬಟ್ಟೆಯ ರಾಶಿಯ ಮೇಲೆ ಕೂತುಬಿಟ್ಟ.

ಆ ವಾರವೇ ಜನ ಬರಲು ಶುರುವಾಯಿತು. ಚಾರ್ಮಾಡಿ ನೋಡಲು ಹೋಗುವವರು ದಾರಿಯಲ್ಲಿ ಇಳಿದು ಬರುತ್ತಿದ್ದರು. ಹಲಗೆಗೆ ಹಗ್ಗ ಕಟ್ಟುವುದು, ಶಾಲು ಕಟ್ಟುವುದು, ಕುತ್ತಿಗೆಗೆ ಸಿಕ್ಕಿಸಿಕೊಂಡು ನಾಲಗೆ ಹೊರಗೆ ಹಾಕಿ ಫೋಟೋ ತೆಗೆಸಿಕೊಳ್ಳುವುದು. ಕಲ್ಲು ಹೆಗಲೆತ್ತರ ಮಾತ್ರ ಇರುವುದರಿಂದ ನೇಣು ಹಾಕಿಕೊಳ್ಳಬೇಕಾದರೆ ಮಂಡಿಯೂರಬೇಕಿತ್ತು. ಎಲ್ಲರೂ ಮಂಡಿಯೂರಿಯೇ ನೇತಾಡಿದರು. ಕಾಲು ನೆಲದಲ್ಲಿಯೇ ಇದೆಯಲ್ಲ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಸೇಸಕ್ಕ ಪ್ರತಿ ಸಂಜೆ ಹೋಗಿ ಗಂಟು ಬಿಚ್ಚಿ ಬರುತ್ತಿದ್ದರು. ಅವರ ಬೆರಳಿಗೆ ಗಂಟು ಬಿಚ್ಚುವುದು ಕಷ್ಟವಲ್ಲ, ಎಪ್ಪತ್ತು ವರ್ಷ ಬೀಡಿಗೆ ನೂಲು ಸುತ್ತಿದ ಬೆರಳು. ಬಿಚ್ಚಿದ ಹಗ್ಗಗಳನ್ನು ಎಸೆಯುತ್ತಿರಲಿಲ್ಲ, ದನದ ಹಟ್ಟಿಗೆ ಕೊಡುತ್ತಿದ್ದರು. ಹಗ್ಗ ಎಂತ ಮಾಡಿದೆ ಪಾಪ ಎನ್ನುತ್ತಿದ್ದರು.

ಬಾಯಿಯಿಂದ ಬಿದ್ದ ಮಾತು ಸೆಗಣಿಯ ಹಾಗೆ, ಹೆಕ್ಕಲು ಹೋದರೆ ಮಣ್ಣು ಸಮೇತ ಬರುತ್ತದೆ ಎಂಬುದು ಅವರದ್ದೇ ಗಾದೆ. ಆದರೂ ಹೆಕ್ಕಲು ಹೊರಟರು. ಆ ವಿಡಿಯೋವನ್ನು ತೆಗೆಸಬೇಕು, ತಾನು ಕಣ್ಣು ಮುಚ್ಚುವ ಮೊದಲು ಆ ಕಲ್ಲು ಪುನಃ ಅಮ್ಮನ ಕಲ್ಲು ಆಗಬೇಕು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಅವರು ಹೇಳಿದರು, ನಾನು ವಿಡಿಯೋದ ಕೆಳಗೆ ಬರೆದೆ: ಇದು ನನ್ನ ಅಮ್ಮನ ಹೊರೆಗಲ್ಲು, ನೇಣುಗಲ್ಲು ಅಂತ ನಾನು ಮಕ್ಕಳಿಗೆ ಹೇಳಿದ್ದು ಸುಳ್ಳು, ಹಗ್ಗ ಕಟ್ಟಬೇಡಿ. ಸ್ವಲ್ಪ ಹೊತ್ತಿನಲ್ಲಿ ಅದಕ್ಕೆ ಆ ಹುಡುಗನ ಕಡೆಯಿಂದ ಒಂದು ಕೆಂಪು ಹೃದಯ ಬಂತು. ಅದೆಂತ ಎಂದು ಕೇಳಿದರು. ಮೆಚ್ಚಿದ್ದಾನೆ ಎಂದೆ. ಅವರಿಗೆ ಸಮಾಧಾನವಾಯಿತು. ಮೆಚ್ಚಿದ ಮೇಲೆ ತೆಗೆಯುತ್ತಾನೆ ಎಂದು ನಾಲ್ಕು ದಿನ ಕಾದರು. ದಿನಾ ಬಂದು, ಹೋಯ್ತಾ ಎಂದು ಕೇಳುತ್ತಿದ್ದರು. ಹೋಗಲಿಲ್ಲ. ನೋಡಿದವರು ನಾಲ್ಕು ಲಕ್ಷವಾಗಿದ್ದರು.

ಎರಡನೆಯ ಸಲ ಎತ್ತರದ ಮಾತು ಬರೆಸಿದರು: ಹೆಗಲೆತ್ತರದ ಕಲ್ಲಿಗೆ ನೇಣು ಹಾಕಿದರೆ ಕಾಲು ನೆಲಕ್ಕೆ ತಾಗುವುದಿಲ್ಲವೇ? ಇದಕ್ಕೆ ಹುಡುಗನ ಉತ್ತರ ಬಂತು. ಶತಮಾನಗಳಲ್ಲಿ ನೆಲದ ಮಟ್ಟ ಏರಿದೆ, ಅರ್ಧ ಕಲ್ಲು ಹೂತುಹೋಗಿದೆ, ದಯವಿಟ್ಟು ಅಧ್ಯಯನ ಮಾಡಿ. ನಾನು ಓದಿ ಹೇಳಿದೆ. ಸೇಸಕ್ಕ ಎದ್ದು ಮನೆಗೆ ಹೋದವರು ಪಿಕ್ಕಾಸು ಹಿಡಿದುಕೊಂಡು ಕಲ್ಲಿನ ಬುಡಕ್ಕೆ ಬಂದರು. ಅಧ್ಯಯನ ಮಾಡುವ ಬಾ ಎಂದು ನನ್ನನ್ನು ಕರೆದರು. ಮೊಣಕೈಯಷ್ಟು ಅಗೆಯುವಾಗ ಕಲ್ಲಿನ ಬುಡ ಸಿಕ್ಕಿತು. ಸುತ್ತ ಗಟ್ಟಿಗೆ ಕೂರಿಸಿದ ಮುರಕಲ್ಲಿನ ತುಂಡುಗಳು, ಅವರ ಅಪ್ಪ ಕೈಯಾರೆ ಬಡಿದು ಕೂರಿಸಿದವು. ಅವರು ಒಂದು ತುಂಡನ್ನು ಮುಟ್ಟಿ, ಸೀರೆಗೆ ಕೈ ಒರೆಸಿಕೊಂಡು, ಫೋಟೋ ತೆಗೆ ಎಂದರು. ಫೋಟೋ ಕಳಿಸಿದೆ. ಉತ್ತರ ಬರಲಿಲ್ಲ. ಮರುದಿನ ನೋಡುವಾಗ ನಾವು ಬರೆದ ಎಲ್ಲವೂ ಅಲ್ಲಿಂದ ಮಾಯವಾಗಿತ್ತು.

ಹಮೀದ್ ತಾನೂ ಬರೆದ, ನಾನು ಹೇಳಿದ್ದು ತಪ್ಪು, ಕ್ಷಮಿಸಿ ಎಂದು. ಅದನ್ನು ಹುಡುಗ ಅಳಿಸುವ ಮೊದಲೇ ಯಾರ್ಯಾರೋ ಗುರುತಿಲ್ಲದವರು ಅವನ ಹೆಸರು ನೋಡಿ ಬಂದರು. ನಮ್ಮ ಇತಿಹಾಸವನ್ನು ಮುಚ್ಚಿಡಲು ನಿನಗೆಷ್ಟು ಸಿಕ್ಕಿತು ಎಂದು ಒಬ್ಬ. ಉಳಿದವರು ಬರೆದದ್ದನ್ನು ಇಲ್ಲಿ ಬರೆಯುವುದು ಬೇಡ. ಐವತ್ತು ವರ್ಷ ಅದೇ ದಾರಿಯಲ್ಲಿ ಹಾಲಿನ ಕ್ಯಾನು ಹೊತ್ತು ಓಡಾಡಿದವನು, ತನ್ನ ಮಾತನ್ನು ತಾನೇ ಅಳಿಸಿ, ಒಂದು ವಾರ ನನ್ನ ಅಂಗಡಿಯ ಕಡೆ ಬರಲಿಲ್ಲ.

ಕೊನೆಗೆ ಸೇಸಕ್ಕ ಹೇಳಿದರು, "ಮುಖ ನೋಡಿ ಹೇಳುವ ಮಗಾ. ಮುಖ ನೋಡಿದರೆ ಯಾರಿಗೂ ಇಲ್ಲ ಅನ್ಲಿಕ್ಕೆ ಆಗುವುದಿಲ್ಲ." ಆ ಹುಡುಗನ ಮನೆ ಬೆಳುವಾಯಿಯಲ್ಲಿ ಎಂದು ವಿಚಾರಿಸಿ ತಿಳಿದುಕೊಂಡೆವು. ಬೆಳ್ತಂಗಡಿಯಲ್ಲಿ ಒಂದು ಬಸ್ಸು ಹಿಡಿದು, ಮೂಡುಬಿದಿರೆಯಲ್ಲಿ ಇಳಿದು ಇನ್ನೊಂದು. ಸೇಸಕ್ಕ ಕಿಟಕಿಯ ಬದಿ ಕೂತು ಮಡಿಲಲ್ಲಿ ಒಂದು ಕಟ್ಟು ಹಿಡಿದುಕೊಂಡಿದ್ದರು. ಅವರ ಅಮ್ಮನ ಸಿಂಬೆ ಅದು. ಹಳೆಯ ಸೀರೆಯನ್ನು ಹುರಿಮಾಡಿ ಬಳೆಯ ಹಾಗೆ ಸುತ್ತಿದ್ದು, ಎಣ್ಣೆ, ಬೆವರು, ಉಪ್ಪು ಕುಡಿದು ಕಪ್ಪಾಗಿ ಮರದಷ್ಟು ಗಟ್ಟಿಯಾಗಿತ್ತು. ದಿನಾ ಸೊಂಟಕ್ಕೆ ಸಿಕ್ಕಿಸುವ ಸಿಂಬೆ ಬೇರೆ. ಇದನ್ನು ಎಪ್ಪತ್ತು ವರ್ಷ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಆಧಾರ ಕೇಳ್ತಾನಲ್ಲ, ಇದನ್ನು ತೋರಿಸುವ ಎಂದರು.

ಸುಜಿತ್ ಕೆಟ್ಟ ಹುಡುಗನಲ್ಲ. ಇದನ್ನು ನಾನು ಹೇಳಲೇಬೇಕು. ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವನ ತಾಯಿ ಬೆಲ್ಲ, ನೀರು ತಂದಿಟ್ಟರು. ಮಹಡಿಯ ಮೇಲಿನ ಅವನ ಕೋಣೆಯಲ್ಲಿ ಕಪ್ಪು ಪರದೆ, ದೊಡ್ಡ ದೊಡ್ಡ ದೀಪ. ಹೇಳಿ ಅಮ್ಮಾ, ಎಲ್ಲ ರೆಕಾರ್ಡ್ ಮಾಡ್ತೇನೆ ಎಂದ. ಸೇಸಕ್ಕ ಎಲ್ಲವನ್ನೂ ಹೇಳಿದರು. ಅಮ್ಮನ ನೋವು, ಅಪ್ಪ ಕಲ್ಲು ತಂದದ್ದು, ಹತ್ತುವ ಮಕ್ಕಳು, ತಾನು ಹೇಳಿದ ಸುಳ್ಳು. ಸಿಂಬೆಯನ್ನು ಕೈಯಲ್ಲಿ ಹಿಡಿದು ತೋರಿಸಿದರು. ಹುಡುಗ ಅದನ್ನು ಕೈಗೆ ಕೇಳಿದ. ಅವರು ಕೊಡಲಿಲ್ಲ, ಅವರ ಕೈಯಲ್ಲಿರುವಾಗಲೇ ಫೋಟೋ ತೆಗೆದುಕೊಂಡ. ಕೇಳುತ್ತಾ ಕೇಳುತ್ತಾ ಅವನ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದ್ದೇನೆ. ಕೆಲಸ ಆಯಿತು ಎಂದುಕೊಂಡೆ.

"ಹಾಗಾದರೆ ಆ ವಿಡಿಯೋ ತೆಗೀತೀಯಲ್ಲ ಮಗಾ?" ಎಂದರು ಸೇಸಕ್ಕ.

ಅವನು ತಲೆ ತಗ್ಗಿಸಿ ಕೂತ. ಆಮೇಲೆ ಮೆಲ್ಲ ಮೆಲ್ಲ ವಿವರಿಸಿದ. ಒಂದನ್ನು ತಪ್ಪು ಅಂತ ತೆಗೆದರೆ ಉಳಿದದ್ದೂ ತಪ್ಪೇ ಇರಬಹುದು ಅಂತ ಜನ ಹೇಳುತ್ತಾರೆ. ಐದು ವರ್ಷದ ಕೆಲಸ. ಬೇಕಾದರೆ ಎರಡನೇ ಭಾಗ ಮಾಡಿ ಅದರಲ್ಲಿ ನಿಮ್ಮ ಅಭಿಪ್ರಾಯವನ್ನೂ ಹಾಕುತ್ತೇನೆ.

"ಅದು ಅಭಿಪ್ರಾಯ ಅಲ್ಲ ಮಗಾ. ಅದು ನನ್ನ ಅಮ್ಮ."

"ಬೇಸರ ಮಾಡಬೇಡಿ ಅಮ್ಮಾ, ಒಂದು ಕೇಳ್ತೇನೆ," ಎಂದ ಅವನು. ಸ್ವರದಲ್ಲಿ ಜಗಳ ಇರಲಿಲ್ಲ. "ಐವತ್ತು ವರ್ಷ ನೀವು ಇಡೀ ಊರಿಗೆ ಹೇಳಿದ್ದು ಸುಳ್ಳು ಅಂತ ಈಗ ನೀವೇ ಹೇಳ್ತೀರಿ. ಹಾಗಾದರೆ ಈಗ ಹೇಳುವುದು ಸತ್ಯ ಅಂತ ನಾನು ಹೇಗೆ ನಂಬುವುದು?"

 ಯಾವ ಮಾತಿಗೂ ಒಂದು ಮಾತು ಎದುರಿಡುತ್ತಿದ್ದ ಹೆಂಗಸು ಸೇಸಕ್ಕ. ಈಗ ಸಿಂಬೆಯನ್ನು ಪುನಃ ಬಟ್ಟೆಯಲ್ಲಿ ಕಟ್ಟಿಕೊಂಡರು. ವಾಪಸು ಬರುವಾಗ ಬಸ್ಸು ವೇಣೂರು ದಾಟಿತು. ದಾಟಿದ ಮೇಲೆ ಹೇಳಿದರು, ಅವ ಕೇಳಿದ್ದು ಸರಿಯೇ ಉಂಟು.

ಎರಡನೇ ಭಾಗ ಬಂತು. ಹಮೀದನ ಹೋಟೆಲಿನಲ್ಲಿ ಕೂತು ನೋಡಿದೆವು. ವಿಡಿಯೋ ತೆರೆಯುವ ಮೊದಲು ಕಾಣುವ ಚಿತ್ರದಲ್ಲಿ ಒಂದು ಕೈ, ಕೈಯಲ್ಲಿ ಕಪ್ಪಗೆ ಸುತ್ತಿದ ಹುರಿ, ಸುತ್ತ ಎಳೆದ ಒಂದು ಕೆಂಪು ಗೆರೆ, ಪಕ್ಕದಲ್ಲಿ ದೊಡ್ಡದಾಗಿ: ಈ ಕುಟುಂಬ ಮುಚ್ಚಿಟ್ಟದ್ದೇನು? ಒಳಗೆ ಸೇಸಕ್ಕನ ಮುಖವನ್ನು ಬಣ್ಣ ತೆಗೆದು ತೋರಿಸಿದ್ದ. ಅವರು ಅರ್ಧ ಗಂಟೆ ಹೇಳಿದ್ದರಲ್ಲಿ ಉಳಿದದ್ದು ಮೂರು ತುಂಡು: ಭಾರ ಇಳಿಯಲಿಲ್ಲ. ದಾರಿಯಲ್ಲೇ ತಿರುಗುತ್ತಾಳೆ. ಯಾರಿಗೂ ಹೇಳಬೇಡ ಅಂದಿದ್ದೆ. ಪ್ರತಿ ತುಂಡಿನ ನಂತರ ನಗಾರಿ. ನೇಣಿಗೇರಿದವರಲ್ಲಿ ಒಬ್ಬಳು ಬಸುರಿಯೂ ಇದ್ದಳೇ ಎಂದು ಹುಡುಗ ಕೇಳಿದ.

ಸೇಸಕ್ಕ ಮೊಬೈಲನ್ನು ಹತ್ತಿರ ಹಿಡಿದು ಆ ಚಿತ್ರವನ್ನೇ ನೋಡಿದರು. ಬೀಡಿ ಎಲೆ ಕತ್ತರಿಸಿ ಸವೆದ ಹೆಬ್ಬೆರಳಿನ ಉಗುರು ಸ್ಪಷ್ಟವಾಗಿ ಕಾಣುತ್ತಿತ್ತು. ಇದು ನನ್ನ ಕೈ ಅಲ್ವಾ ಎಂದು ಮಾತ್ರ ಕೇಳಿದರು. ಹಮೀದ್ ಒಲೆಯ ಕಡೆ ತಿರುಗಿ ನಿಂತ.

ನಾನು ಫೋನು ಮಾಡಿದೆ. ಹುಡುಗ ಫೋನು ಎತ್ತಿದ, ಅಷ್ಟು ಮರ್ಯಾದೆ ಅವನಿಗಿತ್ತು. ನೇಣಿನ ಹಗ್ಗ ಅಂತ ನಾನು ಎಲ್ಲಿಯೂ ಹೇಳಲಿಲ್ಲ ಮಾರಾಯ್ರೆ, ಪ್ರಶ್ನೆಚಿಹ್ನೆ ಹಾಕಿದ್ದೇನೆ, ಕೇಳುವುದೂ ತಪ್ಪಾ ಎಂದ. ಅವನ ಹತ್ತಿರ ಎಲ್ಲದಕ್ಕೂ ಒಂದು ಪ್ರಶ್ನೆಚಿಹ್ನೆ ಇತ್ತು. ನನ್ನ ಹತ್ತಿರ ಇದ್ದದ್ದು ಬೈಗಳು ಮಾತ್ರ. ಅದನ್ನು ಬಳಸಿದೆ, ಪ್ರಯೋಜನವಾಗಲಿಲ್ಲ.

ಜನ ಹೆಚ್ಚಾದರು. ಈಗ ನಿಂಬೆಹಣ್ಣು, ಕುಂಕುಮವೂ ಬರತೊಡಗಿತು. ಒಂದು ದಿನ ಹಗ್ಗ ಬಿಚ್ಚಲು ಹೋದ ಸೇಸಕ್ಕನನ್ನೇ ಯಾರೋ ವಿಡಿಯೋ ಮಾಡಿದರು, ನೇಣುಗಲ್ಲಿನ ಅಜ್ಜಿ ಎಂದು. ರಮೇಶ ಅಮ್ಮನಿಗೆ ಕೈಮುಗಿದು, ಇನ್ನು ಅಲ್ಲಿಗೆ ಹೋಗಬೇಡ, ನನಗೆ ಗಾಡಿ ಓಡಿಸಲಿಕ್ಕೆ ಮುಖ ಇಲ್ಲದ ಹಾಗಾಗಿದೆ ಎಂದ. ನಾನು, ಹಮೀದ್ ಊರಿನ ಸಂಘದವರ ಹತ್ತಿರ ಹೋಗಿ ಬೇಡಿಕೊಂಡೆವು, ಆ ಕಲ್ಲಿಗೊಂದು ರಕ್ಷಣೆ ಮಾಡಿ ಅಂತ. ಒಳ್ಳೆಯ ಹುಡುಗರು, ಕೂಡಲೇ ಒಪ್ಪಿದರು. ಎರಡೇ ವಾರದಲ್ಲಿ ಕಲ್ಲಿನ ಸುತ್ತ ಆಳೆತ್ತರದ ಕಬ್ಬಿಣದ ಸರಳಿನ ಬೇಲಿ ನಿಂತಿತು. ಗೇಟು, ಗೇಟಿಗೆ ಬೀಗ. ಹಸಿರು ಬಣ್ಣ. ಮೇಲೊಂದು ಬೋರ್ಡು, ಹಳದಿ ಅಕ್ಷರದಲ್ಲಿ: ಪುರಾತನ ನೇಣುಗಲ್ಲು. ಮುಟ್ಟಬಾರದು.

ಬೋರ್ಡು ಬದಲಿ ಮಾಡಿ ಎಂದು ಪುನಃ ಹೋದೆವು. ವಿಡಿಯೋದಲ್ಲಿ ಹಾಗೆಯೇ ಉಂಟಲ್ಲ, ಬೇರೆ ಆಧಾರ ಇದ್ದರೆ ಕೊಡಿ, ಮುಂದಿನ ಸಭೆಯಲ್ಲಿ ಇಡುವ ಎಂದರು. ಹೇಳಿದವನು ಯಾರು ಅಂತ ನೋಡಿದರೆ ನೀವೇ ಅಲ್ವಾ ಹಮೀದಣ್ಣ ಎಂದು ಒಬ್ಬ ತಮಾಷೆ ಮಾಡಿದ.

ಆ ತಿಂಗಳು ರೇಷನ್ ತಂದ ದಿನ ನಾನು ಅದೇ ದಾರಿಯಲ್ಲಿ ಮನೆಗೆ ಊಟಕ್ಕೆ ಹೊರಟಿದ್ದೆ. ರಿಕ್ಷಾ ನಿಂತಿತು. ಸೇಸಕ್ಕ ಇಳಿದರು. ಸಿಂಬೆ ಇಟ್ಟು, ಚೀಲ ಏರಿಸಿ, ಹತ್ತು ಹೆಜ್ಜೆ ನಡೆದರು. ನಡೆದು ಬೇಲಿಯ ಎದುರು ನಿಂತರು. ಕಲ್ಲು ಅಲ್ಲೇ ಇತ್ತು, ಸರಳುಗಳ ಆಚೆ, ಅವರ ಹೆಗಲಿನ ಸಮಕ್ಕೆ. ರಿಕ್ಷಾ ತಿರುಗಿಸಿಕೊಂಡು ಹೋಯಿತು. ಅವರು ಅಲ್ಲೇ ಇದ್ದರು. ನಾನು ಹತ್ತಿರ ಹೋಗಿ ಚೀಲಕ್ಕೆ ಕೈ ಹಾಕಿದೆ. ಕೊಡಲಿಲ್ಲ. ತಲೆ ತಿರುಗಿಸದೆ, ಮೈಯನ್ನೂ ತಿರುಗಿಸದೆ, ಸರಳಿಗೆ ಹೇಳುವ ಹಾಗೆ ಹೇಳಿದರು:

"ಅಮ್ಮನದ್ದು ಇಷ್ಟರಲ್ಲಿ ಇಳಿದಿತ್ತೋ ಏನೋ. ನಾನೇ ಪುನಃ ಹೊರಿಸಿದೆ ಮಗಾ."

ಅದೆಲ್ಲ ಇಲ್ಲ ಸೇಸಕ್ಕ, ಬನ್ನಿ ಮನೆಗೆ ಹೋಗುವ ಎಂದೆ.  ಅವರು ಚೀಲ ಹೊತ್ತುಕೊಂಡೇ ಮನೆಯವರೆಗೆ ನಡೆದರು. ಚೀಲ ದೊಡ್ಡದಲ್ಲ. ಆದರೆ ಅಂಗಳ ಮುಟ್ಟುವಾಗ ಆ ಕುತ್ತಿಗೆ ಸ್ವಲ್ಪ ಒಂದು ಬದಿಗೆ ವಾಲಿದ್ದನ್ನು ಕಂಡೆ. ಅವರು ನಿಂತು ನಡೆದದ್ದನ್ನು ನಾನು ನೋಡಿದ್ದು ಅದೇ ಕೊನೆ.

ಮಾರನೇ ವಾರ ಬಿದ್ದರು. ಬಂಟ್ವಾಳದ ಆಸ್ಪತ್ರೆಯೊಂದರಲ್ಲಿ ಹದಿನೈದು ದಿನ ಇದ್ದು ತೀರಿಕೊಂಡರು. ಆಂಬುಲೆನ್ಸು ಹೆದ್ದಾರಿಯಲ್ಲೇ ನಿಲ್ಲಬೇಕಾಯಿತು. ನೀರಿನ ಪೈಪಿಗೆಂದು ನಮ್ಮ ಒಳದಾರಿಯನ್ನು ಅಗೆದು ಹಾಕಿದ್ದರು. ಮನೆಯವರೆಗೆ ನಾಲ್ಕು ಜನ ಹೆಗಲು ಕೊಟ್ಟೆವು: ರಮೇಶ, ನಾನು, ಹಮೀದ್, ಆ ಹೊಸ ರಿಕ್ಷಾದವನು. ಸೊಸೆ ಪುಷ್ಪಾ ಪೆಟ್ಟಿಗೆಯಿಂದ ಹಳೆಯ ಸಿಂಬೆಯನ್ನು ಹುಡುಕಿ ತಂದು ಅವರ ತಲೆಯ ಕೆಳಗೆ ಇಟ್ಟಿದ್ದಳು.

ಅಗೆದ ಮಣ್ಣಿನಲ್ಲಿ ಕಾಲು ಹೂತು ನಡೆಯುವುದು ಕಷ್ಟವಿತ್ತು. ಹಲಸಿನ ಮರದ ಕೆಳಗೆ ಬರುವಾಗ ಹಮೀದನ ಉಸಿರು ಜೋರಾಯಿತು. ಅವನಿಗೆ ಸಕ್ಕರೆ ಕಾಯಿಲೆ, ನನ್ನದೇ ಪ್ರಾಯ. ನಿಂತ.

"ಇಲ್ಲಿ ಒಂದು ಗಳಿಗೆ ಇಳಿಸುವ," ಎಂದ. "ಇವರ ಅಮ್ಮನದ್ದೇ ಅಲ್ವಾ."

ಕೀ ಸಂಘದ ಕಾರ್ಯದರ್ಶಿಯ ಹತ್ತಿರ ಇತ್ತು. ಅವರು ಫರಂಗಿಪೇಟೆಗೆ ಮದುವೆಗೆ ಹೋಗಿದ್ದರು. ನೆಲಕ್ಕೆ ಇಡುವುದು ಬೇಡ ಎಂದ ರಮೇಶ. ಹಾಗೆಯೇ ನಿಂತೆವು. ಹಲಗೆಗಲ್ಲು ನಮ್ಮ ಹೆಗಲಿನ ಸಮಕ್ಕೇ ಇತ್ತು, ಒಂದು ಮೊಳ ಆಚೆ. ಅದರ ಮೇಲೆ ಯಾರೋ ಸರಳಿನ ಸಂದಿಯಿಂದ ಎಸೆದ ಒಂದು ಒಣಗಿದ ನಿಂಬೆಹಣ್ಣು. ನಾವು ಎಡದವರು ಬಲಕ್ಕೆ, ಬಲದವರು ಎಡಕ್ಕೆ ಹೆಗಲು ಬದಲಿಸಿಕೊಂಡೆವು.

ಹಮೀದ್ ನಡೆಯುವ ಎಂದ. ನಡೆದೆವು.